ಮಾಸ್ಕ್ ಪೆಟ್ಟಿಗೆಯ ಮೇಲಿದ್ದ ಸಾಲು ಚೀನಾದ ಗಾದೆಯಲ್ಲ

'ಬೆಟ್ಟ ನದಿಗಳು ಬೇರೆ, ಗಾಳಿ ಚಂದ್ರ ಒಂದೇ ಆಕಾಶದವು.' ಕೊರೊನಾ ಕಾಲದ ಈ ಸಾಲನ್ನು 'ಒಗ್ಗಟ್ಟಿನ ಪುರಾತನ ಚೀನೀ ಗಾದೆ' ಎಂದು ಹಂಚುತ್ತಿದ್ದಾರೆ. ಸಾಲು ಪುರಾತನ ಹೌದು, ಚೀನಾದ್ದಲ್ಲ.

2020ರ ಆರಂಭದಲ್ಲಿ ಜಪಾನಿನಿಂದ ಚೀನಾದ ಹುಬೇ ಪ್ರಾಂತ್ಯಕ್ಕೆ ಹೋದ ಮಾಸ್ಕ್ ಪೆಟ್ಟಿಗೆಗಳ ಮೇಲೆ ಇದನ್ನು ಅಂಟಿಸಿದ್ದರು. ಬರೆದವನು 8ನೇ ಶತಮಾನದ ಜಪಾನೀ ರಾಜಕುಮಾರ ನಾಗಾಯಾ. ಚೀನಾದ ಬೌದ್ಧ ಭಿಕ್ಷುಗಳಿಗೆ ಅವನು ಸಾವಿರ ಕಾಷಾಯ ವಸ್ತ್ರ ಕಳಿಸಿದ್ದ. ಅವುಗಳ ಅಂಚಿನಲ್ಲಿ ಈ ಪದ್ಯವನ್ನು ಕಸೂತಿ ಮಾಡಿಸಿದ್ದ. ಚೀನಾದ ಭಿಕ್ಷು ಜಿಯಾನ್‌ಜೆನ್ ಇದನ್ನು ನೆನೆದೇ ಧರ್ಮ ಬೋಧಿಸಲು ಜಪಾನಿಗೆ ಹೊರಡಲು ಒಪ್ಪಿದನಂತೆ. ಐದು ಸಲ ಪ್ರಯಾಣ ಕೆಟ್ಟಿತು, ಕಣ್ಣೂ ಹೋಯಿತು. ಆರನೇ ಸಲ, 753ರಲ್ಲಿ, ದಡ ಮುಟ್ಟಿದ. ಎಂಥಾ ಹಟ ನೋಡಿ!

ಗೊಂದಲಕ್ಕೆ ಕಾರಣವೂ ಇದೆ. ಪದ್ಯ ಇರುವುದು ಚೀನೀ ಲಿಪಿಯಲ್ಲೇ. ಚೀನಾದ ಟಾಂಗ್ ರಾಜವಂಶದ ಕಾಲದ ಕವಿತೆಗಳ ದೊಡ್ಡ ಸಂಗ್ರಹದಲ್ಲೂ ಇದು ಸೇರಿಕೊಂಡಿದೆ.

ಚೀನಾದ್ದೇ ನುಡಿಗಟ್ಟು ಬೇಕಿದ್ದರೆ 'ಜೋಂಗ್ ಜಿ ಛೆಂಗ್ ಛೆಂಗ್' ಇದೆಯಲ್ಲ. ನಾಲ್ಕೇ ಅಕ್ಷರ. ಎಲ್ಲರ ಮನಸ್ಸು ಸೇರಿದರೆ ಅದೇ ಕೋಟೆ ಎಂದರ್ಥ. 2003ರ ಸಾರ್ಸ್ ಸಮಯದಲ್ಲೂ 2020ರಲ್ಲೂ ಅಲ್ಲಿ ಜಾಸ್ತಿ ಬಳಕೆಯಾಗಿದ್ದು ಇದು.