ಹೂಕೋಸಿಗೆ ನಮ್ಮ ಮಡಿಯಲ್ಲಿ ಜಾಗ ಇಲ್ಲ

ಹೂಕೋಸು ಬೆಳೆಯುವವರ ಮೇಲೆ ನನಗೇನೂ ಸಿಟ್ಟಿಲ್ಲ. ಜಾಗ ಇರುವವರು ಧಾರಾಳವಾಗಿ ಬೆಳೆಯಲಿ. ಆದರೆ ಮನೆ ಪಕ್ಕದಲ್ಲಿ ಎರಡು ಸಣ್ಣ ತರಕಾರಿ ಮಡಿ, ತಾರಸಿಯಲ್ಲಿ ಒಂದಷ್ಟು ಕುಂಡ ಇಟ್ಟುಕೊಂಡವರು ವರ್ಷದ ಯೋಜನೆ ಅಂತ ಕೂತು ಮೊದಲ ಸಾಲಲ್ಲೇ ಹೂಕೋಸು, ಎಲೆಕೋಸು, ಈರುಳ್ಳಿ, ಆಲೂಗಡ್ಡೆ ಅಂತ ಬರೆದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಲೆಕ್ಕ ನೋಡಿ. ಹೂಕೋಸಿನ ಸಸಿ ನೆಟ್ಟ ಮೇಲೆ ತಳಿ ನೋಡಿಕೊಂಡು 60ರಿಂದ 90 ದಿನ ಬೇಕು. ಒಂದೊಂದು ಗಿಡಕ್ಕೂ ಒಂದೂವರೆ ಅಡಿ ಅಂತರ ಬೇಕು. ಅಷ್ಟೂ ದಿನ ನೀರು ಕುಡಿದು, ಗೊಬ್ಬರ ತಿಂದು, ಹುಳ ಹಿಡಿಸಿಕೊಂಡು ಕೊನೆಗೆ ಕೊಡುವುದು ಒಂದೇ ಒಂದು ಹೂ. ಮೂರು ತಿಂಗಳು ರೂಮಿನಲ್ಲಿದ್ದು, ಖಾಲಿ ಮಾಡುವ ದಿನ ಒಂದೇ ಸಲ ಬಾಡಿಗೆ ಕೊಡುವ ಗಿರಾಕಿ ಅದು. ನಡುವೆ ಸೆಕೆ ಏರಿತೋ, ಆ ಬಾಡಿಗೆಯೂ ಕೈಗೆ ಬರುವುದು ಅನುಮಾನ.

ಅದೇ ಜಾಗಕ್ಕೆ ಹರಿವೆ ಬೀಜ ಉದುರಿಸಿದರೆ 25ರಿಂದ 30 ದಿನಕ್ಕೆ ಸೊಪ್ಪು ಕುಯ್ಯಬಹುದು. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಚಿವುಟಿದರೆ ಪಕ್ಕದಿಂದ ಮತ್ತೆ ಚಿಗುರುತ್ತದೆ. ಅದು ಬಲಿತ ಮೇಲೆ ಕಿತ್ತು ಮೆಂತ್ಯ ಹಾಕಿದರೂ ಹೂಕೋಸು ಇನ್ನೂ ಮೊಗ್ಗು ಕಟ್ಟುತ್ತಿರುತ್ತದೆ ಅಷ್ಟೇ.

ನನ್ನ ತಕರಾರು ಇಷ್ಟು. ಕಡಿಮೆ ಜಾಗದವರು ಜಾಗವನ್ನು ಅಳೆಯುತ್ತಾರೆ, ದಿನವನ್ನು ಅಳೆಯುವುದಿಲ್ಲ. ಪೇಪರ್ ಮೇಲೆ ಮಡಿಯ ಚಿತ್ರ ಬರೆದು, ಇಲ್ಲಿ ಟೊಮೆಟೊ, ಇಲ್ಲಿ ಬದನೆ ಅಂತ ಗುರುತು ಹಾಕಿ ಯೋಜನೆ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಒಂದು ದಿನದ ಚಿತ್ರ ಅಷ್ಟೇ, ವರ್ಷದ್ದಲ್ಲ. 50 ಚದರ ಅಡಿ ಜಾಗ ಇದ್ದರೆ ನಿಮ್ಮ ಕೈಯಲ್ಲಿ ವರ್ಷಕ್ಕೆ 50ನ್ನು 365ರಿಂದ ಗುಣಿಸಿದಷ್ಟು, ಅಂದರೆ 18,250 ಅಡಿ-ದಿನ ಇದೆ. ಖರ್ಚು ಮಾಡಬೇಕಾದ್ದು ಅದನ್ನು. ಒಂದೂವರೆ ಅಡಿ ಅಂತರದ ಹೂಕೋಸು ಗಿಡ ಎರಡೂಕಾಲು ಚದರ ಅಡಿ ಹಿಡಿದು 80 ದಿನ ನಿಂತರೆ ಒಂದು ಹೂವಿಗೆ 180 ಅಡಿ-ದಿನ ಹೋಯಿತು. ಒಂದು ಚದರ ಅಡಿಯಲ್ಲಿ 16 ಸಣ್ಣ ಮೂಲಂಗಿ 30 ದಿನಕ್ಕೆ ಬರುತ್ತವೆ. ಒಂದಕ್ಕೆ ಎರಡು ಅಡಿ-ದಿನವೂ ಇಲ್ಲ!

ಈ 16ರ ಲೆಕ್ಕ ನನ್ನದಲ್ಲ. ಅಮೆರಿಕದ ಎಂಜಿನಿಯರ್ ಮೆಲ್ ಬಾರ್ತಲೊಮ್ಯೂ ಮಡಿಯನ್ನು ಚದರ ಅಡಿಯ ಚೌಕಗಳಾಗಿ ಹಂಚುವ ಪದ್ಧತಿಯನ್ನು 1980ರ ದಶಕದಲ್ಲಿ ಮನೆಮಾತಾಗಿಸಿದರು. ಗಿಡಕ್ಕೆ ಒಂದು ಅಡಿ ಅಂತರ ಬೇಕಾದರೆ ಚೌಕಕ್ಕೆ 1, ಆರು ಇಂಚಾದರೆ 4, ನಾಲ್ಕು ಇಂಚಾದರೆ 9, ಮೂರು ಇಂಚಾದರೆ 16. ಎಂಜಿನಿಯರ್ ತಲೆ ಅಲ್ವಾ, ನೆನಪಿಟ್ಟುಕೊಳ್ಳಲು ಸುಲಭ. ನಾನು ಅದಕ್ಕೆ ದಿನವನ್ನೂ ಸೇರಿಸಿಕೊಳ್ಳುತ್ತೇನೆ.

ಹಾಗಂತ ಜಾಸ್ತಿ ದಿನ ನಿಲ್ಲುವ ಗಿಡವೆಲ್ಲ ದಂಡ ಅಂತಲ್ಲ. ಬದನೆ ನೆಟ್ಟು ಎರಡು ತಿಂಗಳು ಕಾಯಿಸುತ್ತದೆ ನಿಜ. ಆಮೇಲೆ ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ. ಮೆಣಸಿನ ಗಿಡವೂ ಅಷ್ಟೇ. ಎರಡು ಗಿಡ ಇದ್ದರೆ ಮನೆಗೆ ಸಾಕು ಅನ್ನಿಸಿಬಿಡುತ್ತದೆ. ನೋಡಬೇಕಾದ್ದು ಗಿಡ ಎಷ್ಟು ದಿನ ಇರುತ್ತದೆ ಅಂತಲ್ಲ, ಅದರಲ್ಲಿ ಎಷ್ಟು ದಿನ ಏನೂ ಕೊಡದೆ ಇರುತ್ತದೆ ಅಂತ.

ಟೊಮೆಟೊ ವಿಷಯದಲ್ಲಿ ಜನ ನನ್ನ ಜೊತೆ ಜಗಳ ಆಡುತ್ತಾರೆ. ಟೊಮೆಟೊದಲ್ಲಿ ಎರಡು ಬಗೆ. ಒಂದು ಗಿಡ್ಡಗೆ ಬೆಳೆದು, ಕೆಲವೇ ವಾರದಲ್ಲಿ ಹಣ್ಣೆಲ್ಲ ಕೊಟ್ಟು ಮುಗಿಸುವಂಥದ್ದು. ಇನ್ನೊಂದು ಕೋಲು ಕೊಟ್ಟಷ್ಟೂ ಮೇಲೆ ಹತ್ತುತ್ತಾ ಹೋಗುವುದು. ಎಲ್ಲರಿಗೂ ಆ ಎತ್ತರದ ಗಿಡವೇ ಬೇಕು, ಫೋಟೊಗೂ ಚೆನ್ನಾಗಿರುತ್ತದೆ. ಸಣ್ಣ ಜಾಗಕ್ಕೆ ನನ್ನ ಓಟು ಗಿಡ್ಡ ತಳಿಗೆ. ಅದು ಯಾವಾಗ ಜಾಗ ಬಿಡುತ್ತದೆ ಅಂತ ಮೊದಲೇ ಗೊತ್ತಿರುತ್ತದೆ.

ವರ್ಷದ ಯೋಜನೆಯ ಹಾಳೆ ಹೇಗೆ ಬರೆಯಬೇಕು ಅಂದರೆ, ಅಡ್ಡಕ್ಕೆ 12 ತಿಂಗಳು, ಉದ್ದಕ್ಕೆ ನಿಮ್ಮ ಮಡಿ ಮತ್ತು ಕುಂಡಗಳು. ತರಕಾರಿ ಹೆಸರು ಬರೆಯುವ ಮೊದಲು ಹವೆ ಬರೆಯಿರಿ. ತೀರಾ ಸೆಕೆಯ ತಿಂಗಳು ಯಾವುದು, ಮಳೆ ಬಿಡದೆ ಹೊಡೆಯುವುದು ಯಾವಾಗ, ಚಳಿ ಎಷ್ಟು, ಹಿಮ ಬೀಳುತ್ತದಾ. ಪಟ್ಟಿಯ ಅರ್ಧ ಇಲ್ಲೇ ತೀರ್ಮಾನ ಆಗುತ್ತದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಟೊಮೆಟೊ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಹೂ ಸುಮ್ನೆ ಉದುರಿ ಬೀಳುತ್ತದೆ. ಆಗ ನೀರು, ಗೊಬ್ಬರ, ಔಷಧಿ ಅಂತ ಓಡಾಡಿ ಪ್ರಯೋಜನ ಇಲ್ಲ. ಸೆಕೆಯಲ್ಲಿ ಕೊತ್ತಂಬರಿ ಎಲೆ ಕೊಡುವ ಬದಲು ಬೇಗ ಹೂವಿಗೆ ಹೋಗುತ್ತದೆ. ಪಾಲಕ್ ಹಗಲು ಉದ್ದವಾದಾಗಲೂ ಇದೇ ಆಟ ಆಡುತ್ತದೆ. ಬೆಂಡೆ, ಅಲಸಂದೆ, ಹರಿವೆಗೆ ಬಿಸಿಲೆಂದರೆ ಹಬ್ಬ. ಹಿಮ ಬೀಳುವ ಕಡೆಯವರು ಮೊದಲ ಹಿಮದ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತುವ ದಿನ ಗುರುತು ಮಾಡಬೇಕು. ಈರುಳ್ಳಿ ಗಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿ. ಒಂದೊಂದು ತಳಿಗೆ ಒಂದೊಂದು ಉದ್ದ ಬೇಕು. ತಪ್ಪು ತಳಿ ಹಾಕಿದರೆ ತಿಂಗಳಾನುಗಟ್ಟಲೆ ಬರೀ ಎಲೆ ನೋಡಿಕೊಂಡು ಕೂರಬೇಕು.

ಬೀಜದ ಪ್ಯಾಕೆಟ್ ಮೇಲಿನ ದಿನವನ್ನೂ ಸ್ವಲ್ಪ ಅನುಮಾನದಿಂದಲೇ ಓದಿ. ಟೊಮೆಟೊಗೆ 65 ದಿನ ಅಂತಿದ್ದರೆ ಸಾಮಾನ್ಯವಾಗಿ ಅದು ಸಸಿ ನೆಟ್ಟ ದಿನದಿಂದ. ಅದಕ್ಕೂ ಮೊದಲು ಬೀಜದಿಂದ ಸಸಿ ಆಗಲು 25–30 ದಿನ ಹಿಡಿದಿರುತ್ತದೆ. ಬೀನ್ಸ್‌ಗೆ 55 ಅಂದರೆ ಅದು ಬಿತ್ತಿದ ದಿನದಿಂದ.

ಈ 25–30 ದಿನವೇ ಕಡಿಮೆ ಜಾಗದವರ ದೊಡ್ಡ ಉಳಿತಾಯ. ಸಸಿ ಟ್ರೇ ಒಂದು ಕಿಟಕಿ ಪಕ್ಕದ ಜಾಗ ತಿನ್ನುತ್ತದೆ, ಮಡಿಯ ಜಾಗ ತಿನ್ನುವುದಿಲ್ಲ. ಮಡಿಯಲ್ಲಿ ಹಳೆ ಬೆಳೆ ಕೊನೆಯ ಕೊಯ್ಲು ಕೊಡುತ್ತಿರುವಾಗಲೇ ಮುಂದಿನದು ಟ್ರೇಯಲ್ಲಿ ತಯಾರಾಗುತ್ತಿರಬೇಕು. ಸಸಿ ನೆಡಲು ಬಂತಾ ಅಂತ ನೋಡುವುದು ಎಲೆ ಎಣಿಸಿ ಮಾತ್ರ ಅಲ್ಲ. ಟ್ರೇಯ ಗುಳಿಯ ತಳದಿಂದ ಮೆಲ್ಲಗೆ ಒತ್ತಿ ಒಂದನ್ನು ಹೊರಗೆ ತೆಗೆಯಿರಿ. ಬಿಳಿ ಬೇರು ಮಣ್ಣನ್ನು ಅಪ್ಪಿ ಹಿಡಿದು, ಮಣ್ಣು ಉದುರದೆ ಗುಳಿಯ ಆಕಾರದಲ್ಲೇ ಬಂದರೆ ಸರಿಯಾದ ಹೊತ್ತು. ಮಣ್ಣು ಪುಡಿಯಾಗಿ ಬಿದ್ದರೆ ಇನ್ನೂ ನಾಲ್ಕು ದಿನ ಇರಲಿ. ಬೇರು ಕಂದು ಬಣ್ಣಕ್ಕೆ ತಿರುಗಿ ತಳದಲ್ಲಿ ಸುತ್ತಿಕೊಂಡಿದ್ದರೆ ತಡವಾಗಿದೆ ಅಂತ ಲೆಕ್ಕ. ಕ್ಯಾರೆಟ್, ಮೂಲಂಗಿಗೆ ಟ್ರೇ ಆಗುವುದಿಲ್ಲ, ನೇರ ಮಡಿಗೇ ಬಿತ್ತಬೇಕು. ಸೌತೆ, ಹೀರೆ ಥರದವಕ್ಕೆ ಬೇರು ಅಲುಗಿದರೆ ಆಗಿಬರುವುದಿಲ್ಲ. ಕಾಗದದ ಕಪ್ಪಿನಲ್ಲಿ ಹಾಕಿ, ತಳ ಹರಿದು, ಕಪ್ಪಿನ ಸಮೇತ ಇಳಿಸಿಬಿಡಿ.

ಇಷ್ಟೆಲ್ಲ ಮಾಡಿದರೂ ಯೋಜನೆ ಹಳ್ಳ ಹಿಡಿಯುವ ಜಾಗ ಒಂದಿದೆ. ಕೀಳುವುದು. ಟೊಮೆಟೊ ಗಿಡದ ಕೆಳಗಿನ ಎಲೆಯೆಲ್ಲ ಹಳದಿಯಾಗಿ ಸುಟ್ಟಿರುತ್ತದೆ. ಕಾಂಡ ಬರಿದಾಗಿರುತ್ತದೆ. ತುದಿಯಲ್ಲಿ ಮಾತ್ರ ನೆಲ್ಲಿಕಾಯಿ ಗಾತ್ರದ ಮೂರು ಕಾಯಿ. "ಇನ್ನೊಂದು ವಾರ ಇರಲಿ" ಅಂತ ಎಲ್ಲರೂ ಹೇಳುತ್ತಾರೆ. ಆ ವಾರ ತಿಂಗಳಾಗುತ್ತದೆ. ಅತ್ತ ಟ್ರೇಯಲ್ಲಿ ಸಸಿ ಮುದುಕಾಗುತ್ತದೆ. ಅದಕ್ಕೇ ನಾನು ನೆಡುವ ತಾರೀಖಿನ ಪಕ್ಕದಲ್ಲೇ ಕೀಳುವ ತಾರೀಖನ್ನೂ ಬರೆಯಬೇಕು ಅನ್ನುವುದು. ಆ ದಿನ ಬಂತು ಅಂದರೆ ಕಿತ್ತು ಹಾಕಿ. ಬಲಿತ ಹಸಿರು ಕಾಯಿ ಇದ್ದರೆ ಒಳಗಿಡಿ, ಅಲ್ಲೇ ಹಣ್ಣಾಗುತ್ತದೆ. ಎಳೆಯವು ಹೋದರೆ ಹೋಗಲಿ.

ಕಿತ್ತಾಗ ಬೇರು ನೋಡದೆ ಎಸೆಯಬೇಡಿ. ವರ್ಷದ ಯೋಜನೆ ತಿದ್ದಲು ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ಟೊಮೆಟೊ, ಬದನೆ, ಬೆಂಡೆಯ ಬೇರಿನಲ್ಲಿ ಗಂಟು ಗಂಟು ಕಂಡರೆ ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳದ (ನೆಮಟೋಡ್) ಕಾಟ. ಬೀನ್ಸ್, ಅಲಸಂದೆಯ ಬೇರಿನಲ್ಲೂ ಗಂಟು ಇರುತ್ತದೆ. ಆದರೆ ಅದು ಒಳ್ಳೆಯದು, ಗಾಳಿಯ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾದ ಮನೆ. ಎರಡನ್ನೂ ಬೆರಳಲ್ಲೇ ಬೇರೆ ಮಾಡಬಹುದು. ಉಗುರಿನಿಂದ ತಳ್ಳಿದಾಗ ಮಣಿಯ ಹಾಗೆ ಕಳಚಿ ಬಂದರೆ, ಒಡೆದು ನೋಡಿದಾಗ ಒಳಗೆ ಗುಲಾಬಿ ಬಣ್ಣ ಇದ್ದರೆ ಒಳ್ಳೆಯ ಗಂಟು. ಕಳಚದೆ ಬೇರೇ ಊದಿಕೊಂಡ ಹಾಗಿದ್ದರೆ ಜಂತು. ಅಂಥ ಮಡಿಗೆ ಮತ್ತೆ ಟೊಮೆಟೊ, ಬದನೆ ಹಾಕಿದರೆ ಹುಳಕ್ಕೆ ಊಟ ಬಡಿಸಿದ ಹಾಗೆಯೇ. ಚೆಂಡು ಹೂ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ, ಅದರ ಬೇರಿಗೆ ಈ ಹುಳವನ್ನು ತಗ್ಗಿಸುವ ಗುಣ ಇದೆ. ಆದರೆ ಮೂಲೆಗೊಂದು ಗಿಡ ನೆಟ್ಟರೆ ಬರೀ ಅಲಂಕಾರ. ಆ ಮಡಿ ಪೂರ್ತಿ ಒತ್ತಾಗಿ ಎರಡು ಮೂರು ತಿಂಗಳು ಚೆಂಡು ಹೂವೇ ಇರಬೇಕು. ಅಷ್ಟು ಅಡಿ-ದಿನ ಕೊಡಲು ಮನಸ್ಸಿದೆಯಾ ಅಂತ ನೀವೇ ನಿರ್ಧಾರ ಮಾಡಿ.

ಬೆಳೆ ಸರದಿ ಬಗ್ಗೆ ಒಂದು ಮಾತು. ನಾಲ್ಕು ಮಡಿ, ನಾಲ್ಕು ವರ್ಷ, ಗಿಡಗಳ ಒಂದೊಂದು ಕುಟುಂಬ ಒಂದೊಂದು ಕಡೆ ಸರಿಯುತ್ತಾ ಹೋಗಬೇಕು ಅನ್ನುವ ಪಾಠ ಹೊಲಕ್ಕೆ ಸರಿ. ಒಂದು ಮಡಿಯಿಂದ ಇನ್ನೊಂದಕ್ಕೆ ಎರಡೇ ಅಡಿ ದೂರ ಇರುವ ಕಡೆ ರೋಗ ನಿಮ್ಮ ಸಲಿಕೆ, ಚಪ್ಪಲಿ, ಹರಿಯುವ ನೀರಿನ ಜೊತೆಗೇ ಪ್ರಯಾಣ ಮಾಡುತ್ತದೆ. ಹಾರುವ ಕೀಟಕ್ಕಂತೂ ಎರಡಡಿ ಲೆಕ್ಕವೇ ಅಲ್ಲ. ನಾನು ಪಾಲಿಸುವುದು ಸಣ್ಣ ನಿಯಮ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಮನೆತನ. ಒಂದು ಎದ್ದು ಹೋದ ಜಾಗಕ್ಕೆ ಇನ್ನೊಂದು ಬೇಡ. ನಡುವೆ ಸೊಪ್ಪೋ ಬೀನ್ಸೋ ಬರಲಿ. ಹಸಿರಾಗಿದ್ದ ಗಿಡ ರಾತ್ರೋರಾತ್ರಿ ಸೊರಗಿದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಸೊರಗು ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಕುಂಡ ಆಗಿದ್ದರೆ ಆ ಮಣ್ಣನ್ನು ತರಕಾರಿಯಿಂದ ದೂರ ಸಾಗಿಸಿ.

ಬಿತ್ತುವಾಗ ಕಂತು ಮರೆಯಬಾರದು. ಪ್ಯಾಕೆಟ್ ಒಡೆದ ದಿನವೇ ಅಷ್ಟೂ ಬೀಜ ಸುರಿಯುವ ಚಟ ಬಹಳ ಜನಕ್ಕೆ ಇದೆ. ಆಮೇಲೆ ಒಂದೇ ವಾರದಲ್ಲಿ ಬುಟ್ಟಿಗಟ್ಟಲೆ ಮೂಲಂಗಿ, ನಂತರ ಎರಡು ತಿಂಗಳು ಸೊನ್ನೆ. ಎರಡು ವಾರಕ್ಕೊಮ್ಮೆ ಒಂದೊಂದು ಚೌಕ ಬಿತ್ತಿ. ಮಿಕ್ಕ ಬೀಜ ಹಾಳಾಗುತ್ತದೆ ಅನ್ನುವ ಗಡಿಬಿಡಿ ಬೇಡ. ಒಣಗಿದ, ತಣ್ಣನೆಯ ಜಾಗದಲ್ಲಿಟ್ಟರೆ ಟೊಮೆಟೊ, ಬದನೆ, ಸೌತೆ ಬೀಜ ಸುಮಾರು ನಾಲ್ಕು ವರ್ಷ, ಬೀನ್ಸ್ ಮೂರು ವರ್ಷ ಬಾಳುತ್ತವೆ. ಈರುಳ್ಳಿ ಬೀಜ ಮಾತ್ರ ವರ್ಷದೊಳಗೆ ಮುಗಿಸಿ.

ನೆಲ ಕಡಿಮೆ ಇದ್ದರೂ ಮೇಲಿನ ಗಾಳಿ ನಿಮ್ಮದೇ ಅಲ್ವಾ? ಹಾಗಲ, ಹೀರೆ, ಸೌತೆಯನ್ನು ಹಂದರಕ್ಕೆ ಹತ್ತಿಸಿದರೆ ಬುಡಕ್ಕೆ ಬೇಕಾದ್ದು ಒಂದೆರಡು ಅಡಿ ಜಾಗ. ಹಂದರದ ನೆರಳು ಎಲ್ಲಿ ಬೀಳುತ್ತದೆ ಅಂತ ಮೊದಲೇ ನೋಡಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪು ಮೂರು ನಾಲ್ಕು ಗಂಟೆಯಲ್ಲೂ ಸುಧಾರಿಸಿಕೊಳ್ಳುತ್ತದೆ. ಹಾಗಾಗಿ ಸೆಕೆಯ ತಿಂಗಳಲ್ಲಿ ಹಾಗಲದ ನೆರಳೇ ಸೊಪ್ಪಿನ ಮಡಿ. ಬಿಸಿಲು ವರ್ಷಪೂರ್ತಿ ಒಂದೇ ಕಡೆ ಬೀಳುವುದಿಲ್ಲ ಅನ್ನುವುದೂ ನೆನಪಿರಲಿ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಹೋಗುವಾಗ ಗೋಡೆಯ ನೆರಳು ಅರ್ಧ ಮಡಿ ನುಂಗಬಹುದು. ಎತ್ತರದ ಮಹಡಿಗಳಲ್ಲಿ ಜೇನು ಬರದೆ ಹಾಗಲ, ಹೀರೆಯ ಎಳೆ ಕಾಯಿ ಹಳದಿಯಾಗಿ ಉದುರುತ್ತದೆ. ಹೂ ಅರಳಿದ ಹೊತ್ತಲ್ಲೇ ಗಂಡು ಹೂ ಕಿತ್ತು, ಹಿಂದೆ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವೆ ಸವರಿ. ಎರಡು ನಿಮಿಷದ ಕೆಲಸ. ಕುಂಬಳ ಬಳ್ಳಿ ಮಾತ್ರ ಬೇಡ, ಅದಕ್ಕೆ ಹರಿದಾಡಲು ಕಾಂಪೌಂಡ್ ಆಚೆ ಖಾಲಿ ಜಾಗ ಇದ್ದರೆ ಬೇರೆ ಮಾತು.

ಮಣ್ಣಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಡುವಿಲ್ಲದೆ ಬೆಳೆ ತೆಗೆಯುತ್ತೀರಿ ಅಂದ ಮೇಲೆ ಒಂದು ಬೆಳೆ ಎದ್ದಾಗಲೆಲ್ಲ ಮಡಿ ಮೇಲೆ ಒಂದು ಇಂಚು ಕಾಂಪೋಸ್ಟ್ ಬೀಳಲೇಬೇಕು. ತಾರಸಿಯವರಿಗೆ ಇನ್ನೊಂದು ಮಾತು. ಒಂದು ಘನ ಅಡಿ ಒದ್ದೆ ಮಣ್ಣು 45 ಕೆಜಿಗೂ ಮೇಲೆ ತೂಗುತ್ತದೆ. ಹತ್ತು ದೊಡ್ಡ ತೊಟ್ಟಿ ಸಾಲಾಗಿ ಇಡುವ ಮೊದಲು ಕಟ್ಟಡದ ಎಂಜಿನಿಯರನ್ನು ಕೇಳಿ.

ಮನೆಗೆ ಬೇಕಾದ ತರಕಾರಿಯೆಲ್ಲ ಇಷ್ಟರಲ್ಲೇ ಬರಬೇಕು ಅನ್ನುವ ಆಸೆಯನ್ನು ಮೊದಲೇ ಬಿಟ್ಟುಬಿಡಿ. ಬರುವುದಿಲ್ಲ. ಈರುಳ್ಳಿ, ಆಲೂಗಡ್ಡೆಯನ್ನು ಕೊಂಡು ತಂದರೆ ಏನೂ ಕಳೆದುಕೊಳ್ಳುವುದಿಲ್ಲ, ಅವು ಹೇಗಿದ್ದರೂ ವಾರಗಟ್ಟಲೆ ಇಟ್ಟು ತಿನ್ನುವ ಪದಾರ್ಥ. ಕುಯ್ದ ಗಂಟೆಯಲ್ಲೇ ರುಚಿ ಬದಲಾಗುವ ಸೊಪ್ಪು, ಎಳೆ ಬೀನ್ಸ್, ಎಳೆ ಬೆಂಡೆಗೆ ನಿಮ್ಮ ದಿನಗಳನ್ನು ಕೊಡಿ.

ಹಾಳೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಬಿತ್ತಿದ ದಿನ, ಮೊದಲ ಕೊಯ್ಲು, ಕಿತ್ತ ದಿನ, ಈ ಮೂರನ್ನು ಅದರಲ್ಲೇ ಗುರುತು ಮಾಡುತ್ತಾ ಹೋಗಿ. ಪ್ಯಾಕೆಟ್ 55 ಅಂದಿದ್ದು ನಿಮ್ಮ ಬಿಸಿಲಲ್ಲಿ, ನಿಮ್ಮ ಮಣ್ಣಲ್ಲಿ 68 ಆಯಿತು ಅಂದರೆ ಮುಂದಿನ ವರ್ಷದ ಹಾಳೆಗೆ 68 ಅಂತಲೇ ಬರೆಯಿರಿ.