ಸ್ಪಷ್ಟನೆ: ಆ 400 ಸಿಗರೇಟು ಅಮ್ಮ ಸೇದಿದ್ದಲ್ಲ

ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಸೌದೆ ಒಲೆ ಮುಂದೆ ಒಂದು ಗಂಟೆ ಕೂತರೆ 400 ಸಿಗರೇಟು ಸೇದಿದಂತೆ. ಹೇಳಿದ್ದು ನೊಬೆಲ್ ವಿಜೇತ ವೈದ್ಯ ಕರ್ಕ್ ಸ್ಮಿತ್.’ ಊರಿನಲ್ಲಿರುವ ಅಮ್ಮನನ್ನು ನೆನೆದು ಗಾಬರಿಯಾದವರೂ ಇದ್ದಾರೆ.

ಅಂಕಿ ಸ್ಮಿತ್ ಅವರದೇ, ಅರ್ಥ ಮಾತ್ರ ತಲೆಕೆಳಗಾಗಿದೆ. ಅದು ಒಲೆಯ ಲೆಕ್ಕ, ಶ್ವಾಸಕೋಶದ್ದಲ್ಲ. ಅಡುಗೆಮನೆಯಲ್ಲಿ ಉರಿಯುವ ಸೌದೆ ಗಂಟೆಗೆ 400 ಸಿಗರೇಟು ಉರಿದಷ್ಟು ಹೊಗೆ ಬಿಡುತ್ತದೆ ಎಂದರು. ಬಹುಪಾಲು ಹೊಗೆ ಹಂಚಿನ ಸಂದಿ, ಬಾಗಿಲಿನಿಂದ ಹೊರಗೆ ಹೋಗುತ್ತದೆ. ಊದುಗೊಳವೆ ಹಿಡಿದವರ ಎದೆಗಿಳಿಯುವುದು ಅದರ ಸಣ್ಣ ಪಾಲು. ಹಾಗಂತ ಅದನ್ನು ಹಗುರವಾಗಿ ಕಾಣುವಂತಿಲ್ಲ. ಮಕ್ಕಳ ನ್ಯುಮೋನಿಯಾ, ದೊಡ್ಡವರ ದೀರ್ಘಕಾಲದ ಉಸಿರಾಟದ ಕಾಯಿಲೆಗೆ ಅಷ್ಟೇ ಸಾಕು.

ಸ್ಮಿತ್ ವೈದ್ಯರಲ್ಲ. ಮೊದಲು ಓದಿದ್ದು ಭೌತಶಾಸ್ತ್ರ, ಖಗೋಳಶಾಸ್ತ್ರ. ಮುಂದೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪರಿಸರ ಆರೋಗ್ಯದ ಪ್ರಾಧ್ಯಾಪಕ. 1980ರ ದಶಕದ ಆರಂಭದಲ್ಲೇ ಗುಜರಾತಿನ ಹಳ್ಳಿಗಳಲ್ಲಿ, ಅಡುಗೆ ಮಾಡುವ ಹೆಂಗಸರ ಮೈಮೇಲೇ ಉಪಕರಣ ಇಟ್ಟು ಹೊಗೆ ಅಳೆದವರು. (ಅಡುಗೆಮನೆಯ ಹೊಗೆಯೂ ವಾಯುಮಾಲಿನ್ಯ ಎಂದು ಆಗ ಯಾರಿಗೆ ಅನಿಸಿತ್ತು!) ಸೌದೆ ಪೂರ್ತಿ ಉರಿಯದಿದ್ದಾಗ ಹೊಮ್ಮುವ ಮೀಥೇನ್, ಮಸಿ ಭೂಮಿಯನ್ನೂ ಬಿಸಿ ಮಾಡುತ್ತವೆ. ಆರೋಗ್ಯ, ಹವಾಮಾನ ಎರಡನ್ನೂ ಅವರು ಒಂದೇ ಒಲೆಯಲ್ಲಿ ಕಂಡರು. 2012ರಲ್ಲಿ ಪರಿಸರ ಸಾಧನೆಗೆ ಕೊಡುವ ಟೈಲರ್ ಪ್ರಶಸ್ತಿ ಬಂತು, 2020ರಲ್ಲಿ ತೀರಿಕೊಂಡರು.

ನೊಬೆಲ್? 2007ರ ಶಾಂತಿ ಪ್ರಶಸ್ತಿಯನ್ನು ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಜೊತೆ ಹಂಚಿಕೊಂಡದ್ದು ಐಪಿಸಿಸಿ ಎಂಬ, ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಂಸ್ಥೆ. ಅದಕ್ಕೆ ದುಡಿದ ಅನೇಕ ವಿಜ್ಞಾನಿಗಳಲ್ಲಿ ಸ್ಮಿತ್ ಒಬ್ಬರು.

ಊರಿಗೆ ಫೋನ್ ಮಾಡಿದಾಗ ಬಚ್ಚಲೊಲೆಯನ್ನೂ ವಿಚಾರಿಸಿ. ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಉರಿಯುತ್ತಿದೆ.