ಸ್ಕ್ರೀನ್ ಮೇಲೆ ಹಸಿರು, ಮೂಗಿಗೆ ಗಬ್ಬು

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಅಪಾರ್ಟ್‌ಮೆಂಟ್ ಲಾಬಿಯಲ್ಲಿ ಹೊಸ ಸ್ಕ್ರೀನ್ ಬಂದಿದೆ. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ಲೆಕ್ಕವೆಲ್ಲ ಅದರಲ್ಲಿ ಕಾಣುತ್ತದೆ. ಕರಗಿದ ಆಕ್ಸಿಜನ್ 7.6, ಬಣ್ಣ ಹಸಿರು. ಅದನ್ನು ಮೂಗು ಮುಚ್ಚಿಕೊಂಡೇ ಓದಬೇಕು. ಅಷ್ಟು ಕೊಳೆತ ಮೊಟ್ಟೆ ವಾಸನೆ!

ಕಡಿಮೆ ರೇಟಿನ ಸೆನ್ಸರ್, ಸ್ಮಾರ್ಟ್ ಕಂಟ್ರೋಲ್ ಅಂತ ಹೇಳಿ ಮನೆ ಮನೆಗೂ ದುಡ್ಡು ಎತ್ತಿದರು. ಐಡಿಯಾ ಚಲೋನೇ ಇತ್ತು, ಇಲ್ಲ ಅನ್ನಲ್ಲ. ಎಸ್‌ಟಿಪಿ ಕರೆಂಟಿನ ದೊಡ್ಡ ಪಾಲು ನುಂಗೋದು ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್. ಟ್ಯಾಂಕಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಕ್ಸಿಜನ್ ಇದ್ದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಸಾಕು. ಅದಕ್ಕಿಂತ ಏರಿದರೆ ಬ್ಲೋವರ್ ನಿಲ್ಲಬೇಕು, ಇಳಿದರೆ ಓಡಬೇಕು. ಇಷ್ಟೇ ಕೆಲಸ.

ಆದರೆ ಕೊಳಚೆ ಟ್ಯಾಂಕಿನಲ್ಲಿ 7.6? ನಮ್ಮೂರ ಹವೆಗೆ ಚೊಕ್ಕ ನೀರಲ್ಲೂ ಅದಕ್ಕಿಂತ ಹೆಚ್ಚೇನೂ ಕರಗಲ್ಲ! ತಲೆ ಕೆಟ್ಟು ಬೇಸ್‌ಮೆಂಟಿಗೆ ಇಳಿದೆ. ನೀರಲ್ಲಿ ಮುಳುಗಿರಬೇಕಾದ ಸೆನ್ಸರ್ ಕಡ್ಡಿ, ಅಂದರೆ ಪ್ರೋಬ್, ನೀರಲ್ಲೇ ಇಲ್ಲ. ತೊಳೆಯಲು ಮೇಲೆತ್ತಿದ ಯಾರೋ ಪುಣ್ಯಾತ್ಮ ಬೈಂಡಿಂಗ್ ವೈರ್ ಸುತ್ತಿ ರೇಲಿಂಗಿಗೆ ಕಟ್ಟಿ ಹೋಗಿದ್ದಾನೆ. ಕೇಬಲ್ಲಿಗೆ ಕೂದಲಿನ ಉಂಡೆ, ಒಣಗಿದ ಕೆಸರು. ಅದು ಅಳೆಯುತ್ತಿರುವುದು ಬೇಸ್‌ಮೆಂಟಿನ ಗಾಳಿಯನ್ನು! ಸ್ಮಾರ್ಟ್ ಕಂಟ್ರೋಲರ್ ಅದನ್ನೇ ನಂಬಿ ಬ್ಲೋವರ್ ಆಫ್ ಮಾಡಿ ಕೂತಿದೆ. ಥರ್ಮಾಮೀಟರ್ ಕಿಸೆಯಲ್ಲಿಟ್ಟುಕೊಂಡು ಜ್ವರ ಇಲ್ಲ ಅಂದಹಾಗೆ. ಕಂದು ಬಣ್ಣ ಇರಬೇಕಾದ ಕೆಸರು ಕಪ್ಪಗಾಗಿದೆ. ಗಾಳಿ ಇಲ್ಲದೆ ಕೊಳೆತರೆ ಆ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರದೆ ಮತ್ತೇನು ಬರುತ್ತದೆ?

ಕಮಿಟಿಯವರಿಗೆ ಹೇಳಿದರೆ, "ಕರೆಂಟ್ ಬಿಲ್ ಎಷ್ಟು ಇಳಿದಿದೆ ನೋಡ್ರಿ" ಅಂತ ಖುಷಿ ಪಡುತ್ತಾರೆ. ಇಳಿಯದೆ ಏನು ಮಾಡೀತು ಸ್ವಾಮಿ, ಮಷೀನೇ ಓಡುತ್ತಿಲ್ಲವಲ್ಲ!

ಮಲಪ್ರಭಾ ನೀರಿಗೆ ದಿನಗಟ್ಟಲೆ ಕಾಯೋ ಊರು ನಮ್ಮದು. ಫ್ಲಶ್‌ಗೆ, ಗಿಡಕ್ಕೆ ಎಸ್‌ಟಿಪಿಯಿಂದ ಬರುವ ನೀರೇ ಗತಿ. ಈಗ ಫ್ಲಶ್ ಮಾಡಿದರೆ ಬಾತ್‌ರೂಮ್ ಇನ್ನೂ ಜಾಸ್ತಿ ನಾರುತ್ತದೆ.

ಇದಕ್ಕೆ ದೊಡ್ಡ ವಿಜ್ಞಾನ ಬೇಕಿಲ್ಲ. ಬ್ಲೋವರ್ ನಿಂತ ಮೇಲೆ ಬ್ಯಾಕ್ಟೀರಿಯಾ ಉಸಿರಾಡಿ ಆಕ್ಸಿಜನ್ ಇಳಿಯಲೇಬೇಕು. ಅರ್ಧ ಗಂಟೆಯಾದರೂ ಅಂಕಿ ಅಲುಗಾಡದಿದ್ದರೆ ಸೆನ್ಸರ್ ಕೆಟ್ಟಿದೆ ಅಂತ ಅಲಾರಂ ಹೊಡೆದು, ಬ್ಲೋವರನ್ನು ಹಳೆ ಟೈಮರ್ ಮೇಲೆ ಓಡಿಸಬೇಕು. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಆಯಿತು. ಇದನ್ನು ನಮಗೆ ಮಾರಿ ಹೋದವನಿಗೆ ಫೋನ್ ಮಾಡಿದರೆ, "ಆ್ಯಪ್ ಅಪ್‌ಡೇಟ್ ಮಾಡ್ರಿ ಸರ್" ಅಂತಾನೆ. ವಾರಕ್ಕೊಮ್ಮೆ ಪ್ರೋಬ್ ಒರೆಸೋದು ಯಾರ ಕೆಲಸ ಅಂದರೆ ಆಪರೇಟರ್ ಕಮಿಟಿ ಕಡೆ, ಕಮಿಟಿ ಆಪರೇಟರ್ ಕಡೆ ಕೈ ತೋರಿಸುತ್ತಾರೆ.

ನಿನ್ನೆ ಗ್ರೂಪಿನಲ್ಲಿ ಈ ತಿಂಗಳ ಖರ್ಚಿನ ಪಟ್ಟಿ ಬಂತು. ಅದರಲ್ಲಿ ಲಾಬಿಗೆ ರೂಮ್ ಫ್ರೆಶ್ನರ್! ಆ ದುಡ್ಡು ಮಾತ್ರ ನಾನು ಕೊಡಲ್ಲ, ಯಾರು ಬಂದು ಕೇಳುತ್ತಾರೋ ಕೇಳಲಿ.